ಮೊದಲ ಮೂರು ವರ್ಷಗಳು: ಅಡಯಾರಿನ ಬೋಧನೆಯೂ ಹೊರನಾಡಿನ ಮನೆಮಾತೂ

ಶಿಶುಶಿಕ್ಷಣವೆಂದೊಡನೆ ಚೀಲವನ್ನು ಬೆನ್ನಿಗೇರಿಸಿಕೊಂಡು ಬಾಲವಾಡಿಯ ಬಾಗಿಲಲ್ಲಿ ಅಳುತ್ತ ನಿಂತ ಮೂರು ವರ್ಷದ ಮಗು ಕಣ್ಣಿಗೆ ಕಟ್ಟುವುದು ವಾಡಿಕೆ. ಅದಕ್ಕೆ ಹಿಂದಿನ ಮೂವತ್ತಾರು ತಿಂಗಳುಗಳನ್ನು ಹಾಲು, ನಿದ್ದೆ, ಲಸಿಕೆ, ತೂಕ ಇವುಗಳ ಕಾಲವೆಂದು ಬಗೆದು ತಾಯಿಗೂ ವೈದ್ಯರಿಗೂ ಒಪ್ಪಿಸಿಬಿಟ್ಟು, ಕಲಿಕೆಯ ಮಾತನ್ನು ಶಾಲೆಯ ಹೊಸ್ತಿಲಿನಿಂದ ಈಚೆಗೆ ಮಾತ್ರ ಎತ್ತುತ್ತಾರೆ. ಈ ಎಣಿಕೆ ತಲೆಕೆಳಗಾದುದೆಂದು ಸಾರುವ ಗ್ರಂಥವೊಂದು ಪ್ರಕಟವಾದದ್ದು ಚೆನ್ನೈ ನಗರದಲ್ಲಿಯೇ. 1949ರಲ್ಲಿ ಅಡಯಾರಿನ ಥಿಯಾಸಾಫಿಕಲ್ ಪಬ್ಲಿಷಿಂಗ್ ಹೌಸ್ ಹೊರತಂದ ‘ದಿ ಅಬ್ಸಾರ್ಬೆಂಟ್ ಮೈಂಡ್’ ಎಂಬುದೇ ಆ ಗ್ರಂಥ. ಹೆಸರನ್ನು ‘ಹೀರಿಕೊಳ್ಳುವ ಮನಸ್ಸು’ ಎಂದು ಕನ್ನಡಿಸಬಹುದು. ಮನುಷ್ಯನ ಮನಸ್ಸಿನ ಅತ್ಯಂತ ದೊಡ್ಡ ಕೆಲಸ ಆರು ವರ್ಷದೊಳಗೆ, ಅದರಲ್ಲಿಯೂ ವಿಶೇಷವಾಗಿ ಮೊದಲ ಮೂರು ವರ್ಷಗಳಲ್ಲಿ, ಯಾವ ಗುರುವಿನ ಬೋಧನೆಯೂ ಇಲ್ಲದೆ ನಡೆದುಹೋಗುತ್ತದೆ ಎಂಬುದು ಅದರ ಮುಖ್ಯ ಪ್ರತಿಪಾದನೆ. ಹೊರನಾಡಿನಲ್ಲಿ ನೆಲಸಿ ಮಕ್ಕಳ ಕನ್ನಡದ ಬಗೆಗೆ ಚಿಂತಿಸುವವರಿಗೆ ಈ ಮಾತು ಕೇವಲ ತತ್ತ್ವವಲ್ಲ. ಅವರ ಮನೆಯೊಳಗಣ ಪ್ರಶ್ನೆ.

ಗ್ರಂಥಕರ್ತೆ ಡಾ. ಮಾರಿಯಾ ಮಾಂಟೆಸೊರಿಯವರು ಮದರಾಸಿಗೆ ಬಂದ ಸಂದರ್ಭ ಸ್ವಾರಸ್ಯವಾದುದು. ವೈದ್ಯಶಾಸ್ತ್ರದಲ್ಲಿ ಪದವಿ ಪಡೆದು, ಮಂದಬುದ್ಧಿಯವರೆಂದು ದೂಡಲ್ಪಟ್ಟ ಮಕ್ಕಳ ನಡುವೆ ಕೆಲಸ ಮಾಡಿ, 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದ ಈ ವಿದುಷಿ, ಥಿಯಾಸಾಫಿಕಲ್ ಸೊಸೈಟಿಯ ಅಂದಿನ ಅಧ್ಯಕ್ಷ ಜಾರ್ಜ್ ಅರುಂಡೇಲ್ ಅವರ ಆಹ್ವಾನವನ್ನು ಮನ್ನಿಸಿ 1939ರ ನವೆಂಬರಿನಲ್ಲಿ ಮಗ ಮಾರಿಯೊ ಅವರೊಡನೆ ಇಲ್ಲಿಗೆ ಬಂದರು. ಆಗ ಅವರಿಗೆ 69 ವರ್ಷ. ಅಡಯಾರು ನದಿಯ ದಕ್ಷಿಣ ದಡದ ತೋಪಿನಲ್ಲಿ ಗರಿ ಹೊದಿಸಿದ ಗುಡಿಸಲುಗಳನ್ನು ಕಟ್ಟಿ ತರಗತಿ ಏರ್ಪಡಿಸಲಾಯಿತು. ದೇಶದ ನಾನಾ ಭಾಗಗಳಿಂದ 300ಕ್ಕೆ ಮೀರಿದ ಶಿಕ್ಷಕ ಶಿಕ್ಷಕಿಯರು ನೆರೆದರು. ತಾಯಿ ಇಟಾಲಿಯನ್ನಿನಲ್ಲಿ ನುಡಿದುದನ್ನು ಮಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅದನ್ನು ಕೇಳಿದವರು ತಮಿಳು, ತೆಲುಗು, ಗುಜರಾತಿ, ಮರಾಠಿ, ಕನ್ನಡಗಳ ಮಕ್ಕಳಿಗೆ ಅನ್ವಯಿಸಿಕೊಳ್ಳಬೇಕಾಗಿತ್ತು. ಭಾಷೆಯೇ ಶಿಶುವಿನ ಮೊದಲ ಸಾಧನೆಯೆಂದು ಬೋಧಿಸಿದ ತರಗತಿ ಹೀಗೆ ಭಾಷಾಂತರದ ಮೇಲೆಯೇ ನಿಂತಿದ್ದುದು ಒಂದು ವಿನೋದ.

ಕೆಲವು ತಿಂಗಳ ಮಟ್ಟಿಗೆಂದು ಬಂದವರನ್ನು ಮಹಾಯುದ್ಧ ಇಲ್ಲಿಯೇ ನಿಲ್ಲಿಸಿತು. 1940ರ ಜೂನ್ ತಿಂಗಳಿನಲ್ಲಿ ಇಟಲಿ ಯುದ್ಧಕ್ಕಿಳಿದೊಡನೆ ಇಬ್ಬರೂ ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುದೇಶದ ಪ್ರಜೆಗಳಾದರು. ಮಾರಿಯೊ ಸೆರೆಶಿಬಿರವನ್ನು ಸೇರಿದರು; ತಾಯಿ ಅಡಯಾರಿನ ಎಲ್ಲೆಯನ್ನು ದಾಟದಂತೆ ನಿರ್ಬಂಧವಾಯಿತು. ಅದೇ ವರ್ಷದ ಆಗಸ್ಟ್ 31ರಂದು, ಆಕೆಯ 70ನೆಯ ಹುಟ್ಟುಹಬ್ಬದ ಸಲುವಾಗಿ, ಮಗನ ಬಿಡುಗಡೆಯಾಯಿತು. ಮುಂದೆ ಕೊಡೈಕಾನಲ್, ಅಹಮದಾಬಾದ್, ಸಿಂಹಳ ಮೊದಲಾದೆಡೆ ತರಗತಿಗಳು ನಡೆದವು. 1946ರಲ್ಲಿ ಯೂರೋಪಿಗೆ ತೆರಳಿದವರು ಮರುವರ್ಷ ಮರಳಿ ಬಂದು 1949ರವರೆಗೂ ಭಾರತದ ಸಂಪರ್ಕವನ್ನು ಉಳಿಸಿಕೊಂಡಿದ್ದರು.

ಈ ವರ್ಷಗಳಲ್ಲಿ ಮಾಂಟೆಸೊರಿಯವರ ದೃಷ್ಟಿ ವಯಸ್ಸಿನಲ್ಲಿ ಕೆಳಗಿಳಿಯಿತು ಎನ್ನಬಹುದು. ರೋಮಿನ ‘ಮಕ್ಕಳ ಮನೆ’ಗೆ ಬಂದವರು ನಡೆದಾಡುವ, ಮಾತು ಬಲ್ಲ ಮಕ್ಕಳು. ಅವರ ಕೈಗೆ ಮರದ ಕೊಂತಗಳನ್ನೂ ಮರಳುಕಾಗದದ ಅಕ್ಷರಗಳನ್ನೂ ಕೊಟ್ಟು ಜಗತ್ಪ್ರಸಿದ್ಧವಾದ ಪದ್ಧತಿ ರೂಪುಗೊಂಡಿತು. ಆದರೆ ಅಹಮದಾಬಾದಿನ ಉಪನ್ಯಾಸಗಳನ್ನು ಆಧರಿಸಿದ 1949ರ ಗ್ರಂಥದಲ್ಲಿ ತೊಟ್ಟಿಲ ಕೂಸೇ ನಾಯಕ. ಹುಟ್ಟಿದ ಮಗು ತಾಯಿಯ ದೇಹದಿಂದ ಬೇರ್ಪಟ್ಟರೂ ಮನಸ್ಸಿನ ಮಟ್ಟಿಗೆ ಇನ್ನೂ ಭ್ರೂಣವೇ. ಸುತ್ತಣ ಮಾತು, ನಡೆ, ಪದ್ಧತಿ ಇವುಗಳಿಂದಲೇ ಅದು ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಆಕೆ ವಾದಿಸಿದರು. ತಾಯಿ ಹೋದಲ್ಲೆಲ್ಲ ಕೂಸನ್ನು ಹೊತ್ತೊಯ್ಯುವ ಜನಾಂಗಗಳ ಪದ್ಧತಿಯನ್ನು ಅಲ್ಲಿ ಮೆಚ್ಚಿ ಬರೆದಿದ್ದಾರೆ: ಸಂತೆಯ ಚೌಕಾಸಿ, ದಾರಿಯ ಕುಶಲಪ್ರಶ್ನೆ ಎಲ್ಲವೂ ಸೊಂಟದ ಮೇಲಣ ಕೂಸಿನ ಕಿವಿಗೆ ಬೀಳುತ್ತವೆ, ಪ್ರತ್ಯೇಕವಾದ ಕೋಣೆಯಲ್ಲಿ ಮಲಗಿಸಿದ ಕೂಸಿಗೆ ಆ ಭಾಗ್ಯವಿಲ್ಲ. 1947ರಲ್ಲಿ ರೋಮಿನಲ್ಲಿ ಆಕೆಯ ಸಹಕಾರ್ಯಕರ್ತೆ ಅಡೆಲೆ ಕೋಸ್ತಾ ನ್ಯೋಕ್ಕಿಯವರು ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಆರೈಕೆಗಾಗಿಯೇ ತರಬೇತಿ ಶಾಲೆಯನ್ನು ತೆರೆದರು.

ಬೋಧನೆ ಹೀಗಿದ್ದರೂ ಈ ದೇಶದಲ್ಲಿ ಕಟ್ಟಲ್ಪಟ್ಟ ಸಂಸ್ಥೆಗಳು ಹೆಚ್ಚಾಗಿ ಮೂರರಿಂದ ಮೇಲಣ ಮಗುವಿನವು. ಮಾಂಟೆಸೊರಿಯವರ ಹೆಸರು ನಗರಗಳಲ್ಲಿ ಅನುಕೂಲಸ್ಥರ ಶಾಲೆಗಳ ಫಲಕವನ್ನು ಏರಿತು. ಬಡವರ ಮಕ್ಕಳಿಗೆ ಬೇರೆ ದಾರಿ ತೆರೆದವರು ಗುಜರಾತಿನ ಗಿಜುಭಾಯಿ ಬಧೇಕಾ ಮತ್ತು ಮಹಾರಾಷ್ಟ್ರದ ತಾರಾಬಾಯಿ ಮೋಡಕ್. ಅಂಗಳದಲ್ಲಿಯೇ ಮಕ್ಕಳನ್ನು ಕೂಡಿಸುವ ‘ಅಂಗನವಾಡಿ’ಯ ಕಲ್ಪನೆ ತಾರಾಬಾಯಿಯವರದು. 1975ರ ಅಕ್ಟೋಬರ್ 2ರಂದು 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆ ಹೆಸರನ್ನು ದೇಶವ್ಯಾಪಿ ಮಾಡಿತು. ಕರ್ನಾಟಕದಲ್ಲಿ ಮೊದಲು ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ತಮಿಳುನಾಡಿನ ಜನ ‘ಬಾಲವಾಡಿ’ಯನ್ನು ‘ಪಾಲ್‌ವಾಡಿ’ ಎಂದು ಕರೆದು ಅದರಲ್ಲಿ ಹಾಲನ್ನೇ ಕಂಡರು. ಪದವನ್ನು ತಮ್ಮದನ್ನಾಗಿ ಮಾಡಿಕೊಳ್ಳುವ ಲೋಕದ ಈ ಜಾಣ್ಮೆ ಯೋಜನೆಯ ನಿಜವಾದ ಒಲವನ್ನೂ ಹಿಡಿದಿಟ್ಟಿದೆ. ಅಂಗನವಾಡಿಯಲ್ಲಿ ಆಟಪಾಠ ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಕಿರಿಯ ಮಗುವಿನ ಪಾಲಿಗೆ ಮುಖ್ಯವಾಗಿ ತೂಕ, ಲಸಿಕೆ, ಮನೆಗೆ ಒಯ್ಯುವ ಪೌಷ್ಟಿಕ ಹಿಟ್ಟು. 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರ ಸರಕಾರ ಆರಂಭಿಸಿದ ಮಧ್ಯಾಹ್ನದ ಸತ್ತ್ವಯುತ ಊಟದ ಯೋಜನೆಯೂ ಎರಡು ವರ್ಷ ತುಂಬಿದ ಮೇಲಣ ಮಕ್ಕಳದು.

ಇದಕ್ಕೆ ಒಂದು ಗೌರವಾರ್ಹ ಅಪವಾದ ತಮಿಳುನಾಡಿನದೇ. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮಧುರೈ ಜಿಲ್ಲೆಯಲ್ಲಿ ತೊಡಗಿದ ಸಮಗ್ರ ಪೌಷ್ಟಿಕತಾ ಯೋಜನೆ ಆರು ತಿಂಗಳಿನಿಂದ ಮೂವತ್ತಾರು ತಿಂಗಳವರೆಗಿನ ಕೂಸುಗಳನ್ನೇ ಆರಿಸಿಕೊಂಡಿತು. ಪ್ರತಿ ತಿಂಗಳು ತೂಕ ಮಾಡಿ, ಏರಬೇಕಾದಷ್ಟು ಏರದ ಮಗುವಿಗೆ ಮಾತ್ರ 90 ದಿನ ಹೆಚ್ಚಿನ ಆಹಾರ ಕೊಟ್ಟು, ಚೇತರಿಸಿಕೊಂಡೊಡನೆ ನಿಲ್ಲಿಸಿ, ತಾಯಿಗೆ ಕಾರಣವನ್ನು ತಿಳಿಯಹೇಳುವುದು ಅದರ ಕ್ರಮ. ಎಲ್ಲರಿಗೂ ಸಮನಾಗಿ ಹಂಚುವುದಕ್ಕಿಂತ ಕಷ್ಟವಾದ, ಆದರೆ ವಿವೇಕದ ಮಾರ್ಗ ಇದು. ಮೂರರೊಳಗಿನ ಮಗುವನ್ನು ಒಂದೊಂದಾಗಿ ನೋಡಬೇಕೆಂಬುದನ್ನು ಅದು ತೋರಿಸಿಕೊಟ್ಟಿತು. ಮಗುವಿನ ದೇಹವನ್ನು ಕುರಿತು ಇಷ್ಟು ಸೂಕ್ಷ್ಮವಾಗಿದ್ದ ತಕ್ಕಡಿ ಮನಸ್ಸಿನ ಬೆಳವಣಿಗೆಗೆ ದೊರೆಯಲು ಇನ್ನೂ ಬಹುಕಾಲ ಬೇಕಾಯಿತು. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಪ್ರಚೋದನೆಗೆ ಕೇಂದ್ರ ಸರಕಾರ ‘ನವಚೇತನ’ ಎಂಬ ರಾಷ್ಟ್ರೀಯ ಚೌಕಟ್ಟನ್ನು ಹೊರಡಿಸಿದ್ದು 2024ರಲ್ಲಿ: ಅಡಯಾರಿನ ಗ್ರಂಥಕ್ಕೆ 75 ವರ್ಷ ತುಂಬಿದಾಗ.

ಅಷ್ಟರಲ್ಲಿ ವಿಜ್ಞಾನ ಮಾಂಟೆಸೊರಿಯವರ ಪ್ರತಿಪಾದನೆಯನ್ನು ಒಂದು ಕಡೆ ದೃಢಪಡಿಸಿ ಇನ್ನೊಂದು ಕಡೆ ತಿದ್ದಿದೆ. ಕೂಸಿನ ಕಲಿಕೆ ಹುಟ್ಟಿಗೂ ಮೊದಲೇ ತೊಡಗುತ್ತದೆ. ಹುಟ್ಟಿ ಮೂರು ದಿನ ತುಂಬುವ ಮೊದಲೇ ಮಕ್ಕಳು ಪರಸ್ತ್ರೀಯ ದನಿಗಿಂತ ತಾಯಿಯ ದನಿಯನ್ನು ಆರಿಸಿ ಆಲಿಸುತ್ತವೆ ಎಂಬುದನ್ನು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿದ್ವಾಂಸರು ತೋರಿಸಿದರು. ಗರ್ಭದಲ್ಲಿ ಕೇಳಿದ ದನಿಯ ಪರಿಚಯವೇ ಇದಕ್ಕೆ ಕಾರಣವಾಗಿರಬೇಕು. ಇನ್ನೂ ಕುತೂಹಲಕರವಾದುದು 1984ರಲ್ಲಿ ಕೆನಡದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗ. ಹಿಂದಿಯ ತಕಾರ ಟಕಾರಗಳ ಭೇದವನ್ನು ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಸಲೀಸಾಗಿ ಗುರುತಿಸಿದವು. ಆದರೆ ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವಕ್ಕೆ ಆ ಶಕ್ತಿ ಉಡುಗಿತ್ತು. ಹಿಂದಿ ಮನೆಯ ಮಕ್ಕಳು ಮಾತ್ರ ಅದನ್ನು ಉಳಿಸಿಕೊಂಡಿದ್ದವು. ‘ತಟ್ಟೆ’ ಎಂಬಲ್ಲಿ ಎರಡು ಬೇರೆ ಧ್ವನಿಗಳಿವೆಯೆಂಬುದು ಕನ್ನಡಿಗನಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಅದನ್ನು ಅವನು ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಗಳಿಸಿಕೊಂಡಿರುತ್ತಾನೆ. ಮಗು ಒಂದು ಶಬ್ದವನ್ನೂ ಆಡದಿರುವ ಕಾಲದಲ್ಲಿ, ಅದಕ್ಕೆ ಏನೂ ತಿಳಿಯದೆಂದು ಹಿರಿಯರು ಭಾವಿಸಿರುವ ಕಾಲದಲ್ಲಿ, ಯಾವ ಭಾಷೆಯ ಧ್ವನಿಗಳು ತನ್ನವು ಎಂಬ ವಿಂಗಡಣೆ ಬಹುಮಟ್ಟಿಗೆ ನಡೆದುಹೋಗಿರುತ್ತದೆ.

ತಿದ್ದುಪಡಿಯ ಅಂಶ ಇನ್ನೂ ಮುಖ್ಯ. ‘ಹೀರಿಕೊಳ್ಳುವ’ ಎಂಬ ವಿಶೇಷಣ ಅರ್ಧ ಮಾತ್ರ ನಿಜ. ಒದ್ದೆ ಬಟ್ಟೆ ನೀರನ್ನು ಹೀರಿಕೊಳ್ಳಲು ನೀರು ಇದ್ದರೆ ಸಾಕು. ಮಗುವಿಗೆ ಮಾತು ಕಿವಿಗೆ ಬಿದ್ದರಷ್ಟೇ ಸಾಲದು. 2003ರಲ್ಲಿ ಅಮೆರಿಕದ ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರು ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಮುಂದೆ ಚೀನೀ ಭಾಷೆಯ ಸ್ತ್ರೀಪುರುಷರನ್ನು ಕುಳ್ಳಿರಿಸಿ, ಸುಮಾರು 25 ನಿಮಿಷದಂತೆ 12 ಸಲ ಓದಿಸಿ ಆಡಿಸಿದರು. ಆ ಮಕ್ಕಳು ಚೀನೀ ಧ್ವನಿಭೇದಗಳನ್ನು ಕಲಿತವು. ಅವೇ ಮಾತುಗಳನ್ನು ಅಷ್ಟೇ ಹೊತ್ತು ಪರದೆಯ ಮೇಲೆ ತೋರಿಸಿದ, ಧ್ವನಿಮುದ್ರಿಕೆಯಲ್ಲಿ ಕೇಳಿಸಿದ ಮಕ್ಕಳು ಏನನ್ನೂ ಕಲಿಯಲಿಲ್ಲ. ಕೂಸು ಕಣ್ಣೆತ್ತಿ ನೋಡಿದಾಗ ತಿರುಗಿ ನೋಡುವ, ಅದು ಗೊಣಗಿದಾಗ ಗೊಣಗುವ ಮನುಷ್ಯ ಎದುರಿಗಿರಬೇಕು. ಶಿಶುಗೀತೆಗಳ ಚಿತ್ರಪಟವನ್ನು ಕೈಫೋನಿನಲ್ಲಿ ಹಚ್ಚಿಟ್ಟು ಮಗುವಿಗೆ ಕನ್ನಡ ಬಂದೀತೆಂದು ನಂಬಿರುವ ತಂದೆತಾಯಿಗಳು ಈ ಪ್ರಯೋಗವನ್ನು ಮನಗಾಣಬೇಕು. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ. ಅಲ್ಲಿಂದ ಮುಂದೆ ನಾಲ್ಕರವರೆಗೂ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದಿದೆ.

ಈಗ ಚೆನ್ನೈಯ ಕನ್ನಡ ಮನೆಯನ್ನು ನೋಡಬಹುದು. ದಕ್ಷಿಣ ಕನ್ನಡ 1956ರವರೆಗೂ ಮದರಾಸು ಆಡಳಿತಕ್ಕೆ ಸೇರಿದ್ದರಿಂದ ಓದಿಗೂ ಉದ್ಯೋಗಕ್ಕೂ ಹೋಟೆಲಿನ ವ್ಯವಹಾರಕ್ಕೂ ಬಂದು ನೆಲಸಿದ ಹಳೆಯ ಕುಟುಂಬಗಳಿವೆ; ಈಚೆಗೆ ಗಣಕಯಂತ್ರದ ಕಂಪನಿಗಳಿಗಾಗಿ ಬಂದ ಎಳೆಯ ದಂಪತಿಗಳಿದ್ದಾರೆ. ಇಂಥ ಎಳೆಯ ದಂಪತಿಗಳ ಮನೆಯಲ್ಲಿ ಹುಟ್ಟಿದ ಮಗುವಿನ ದಿನ ಹೀಗೆ ಕಳೆಯುತ್ತದೆ: ಬೆಳಿಗ್ಗೆ ತಾಯಿಯ ಕನ್ನಡ, ಹಗಲೆಲ್ಲ ಆಯಾಳ ತಮಿಳು, ಸಂಜೆ ಬಹುಮಹಡಿಯ ಕಟ್ಟಡದ ಅಂಗಳದಲ್ಲಿ ಇಂಗ್ಲಿಷು ಹಿಂದಿಗಳು. ಇಷ್ಟೊಂದು ಭಾಷೆಗಳು ಮಗುವನ್ನು ಗೊಂದಲಕ್ಕೆ ಈಡುಮಾಡುತ್ತವೆ, ಮಾತು ತಡವಾಗುತ್ತದೆ, ಆದುದರಿಂದ ಮನೆಮಾತನ್ನು ಕೈಬಿಡಿರಿ ಎಂಬ ಉಪದೇಶ ಕೆಲವು ಶಿಶುಶಾಲೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲ. ಗರ್ಭಕಾಲದಲ್ಲಿ ಎರಡು ಭಾಷೆಗಳನ್ನಾಡಿದ ತಾಯಂದಿರ ಕೂಸುಗಳು ಹುಟ್ಟಿದೊಡನೆ ಎರಡಕ್ಕೂ ಕಿವಿಗೊಡುತ್ತವೆ ಮತ್ತು ಎರಡನ್ನೂ ಬೇರೆ ಬೇರೆಯೆಂದು ಅರಿಯುತ್ತವೆ. 2010ರಲ್ಲಿ ಇಂಗ್ಲಿಷ್ ಹಾಗೂ ಟಗಾಲೊಗ್ ಮಾತಾಡುವ ಮನೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ದ್ವಿಭಾಷಾ ಮಗುವಿನ ಒಂದು ಭಾಷೆಯ ಶಬ್ದಗಳನ್ನು ಮಾತ್ರ ಎಣಿಸಿದರೆ ಕಡಿಮೆಯೆನಿಸಬಹುದು. ಎರಡನ್ನೂ ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಒಂದೂವರೆ ವರ್ಷವಾದರೂ ಒಂದು ಶಬ್ದವೂ ಹೊರಡದಿದ್ದರೆ, ಎರಡು ತುಂಬಿದರೂ ಎರಡು ಶಬ್ದಗಳನ್ನು ಜೋಡಿಸದಿದ್ದರೆ, ತಪ್ಪನ್ನು ಭಾಷೆಗಳ ಮೇಲೆ ಹೊರಿಸಿ ಸುಮ್ಮನಿರದೆ ಮೊದಲು ಕಿವಿಯನ್ನು ಪರೀಕ್ಷಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆಗೆ ಹೆಸರಾದುದು. ಚೆನ್ನೈಯಲ್ಲಿಯೂ ಅನುಕೂಲಗಳಿಗೆ ಕೊರತೆಯಿಲ್ಲ.

ಗೊಂದಲದ ಮಾತು ಹಾಗಿರಲಿ, ಕನ್ನಡ ತಮಿಳುಗಳ ನಡುವೆ ಬೆಳೆಯುವ ಕೂಸಿನ ಕೆಲಸ ಭಾಷಾಶಾಸ್ತ್ರಜ್ಞರಿಗೆ ಅಚ್ಚರಿ ತರುವಂಥದು. ತಾಯಿ ‘ಬಾ’ ಎಂದು ಕೈಚಾಚುತ್ತಾಳೆ, ಆಯಾ ‘ವಾ’ ಎನ್ನುತ್ತಾಳೆ. ಒಬ್ಬಳು ಕೊಡುವುದು ‘ಹಾಲು’, ಇನ್ನೊಬ್ಬಳು ಕೊಡುವುದು ‘ಪಾಲ್’. ಚಿತ್ರದ ಪುಸ್ತಕದಲ್ಲಿ ‘ಹುಲಿ’ಯಾಗಿದ್ದುದು ಪಕ್ಕದ ಮನೆಯಲ್ಲಿ ‘ಪುಲಿ’. ಕನ್ನಡದ ಆದಿಯ ಪಕಾರ ಹಕಾರವಾದ ಚರಿತ್ರೆಯನ್ನು ಶಾಸನಗಳಿಂದ ಹೆಕ್ಕಿ ತೆಗೆಯಲು ವಿದ್ವಾಂಸರು ವರ್ಷಗಳನ್ನು ಸವೆಸಿದರು. ಇಲ್ಲಿ ಎರಡು ವರ್ಷದ ಮಗು ಆ ಸಂಬಂಧವನ್ನು ಮುಖ ನೋಡಿ ಮಾತಾಡುವ ಮೂಲಕ ಪಾಲಿಸುತ್ತದೆ. ಆಯಾಳ ‘ಪಾಲ್’ ಪಂಪನ ಕಾಲದ ಕನ್ನಡದ ಶಬ್ದವೂ ಹೌದು. ಇನ್ನೊಂದು ಸಂಗತಿ: ಕೇಶಿರಾಜನ ವ್ಯಾಕರಣವನ್ನು ಓದಿದವರು ಕಾಗದದ ಮೇಲೆ ಮಾತ್ರ ಬಲ್ಲ ೞಕಾರ ತಮಿಳಿನ ‘ವಾೞೈ’ಯಲ್ಲಿ, ‘ಏೞು’ವಿನಲ್ಲಿ ಜೀವಂತವಾಗಿದೆ. ‘ಬಾಳೆ’, ‘ಏಳು’ ಎನ್ನುವ ಮನೆಯ ಕೂಸಿಗೆ ಅದೂ ಒಲಿಯುತ್ತದೆ. ನಾಲ್ವತ್ತರಲ್ಲಿ ಇಲ್ಲಿಗೆ ವರ್ಗವಾಗಿ ಬಂದ ಅದರ ತಂದೆಗೆ ಎಷ್ಟು ನಾಲಗೆ ಹೊರಳಿಸಿದರೂ ಒಲಿಯುವುದು ಕಷ್ಟ. ವಿಪರ್ಯಯವಾಗಿ, ‘ಪಟ್ಟೆ’ ‘ಬಟ್ಟೆ’, ‘ಕಲ್ಲು’ ‘ಗಲ್ಲು’ ಎಂಬ ಭೇದಗಳನ್ನು ದೇಶ್ಯ ತಮಿಳು ಶಬ್ದಗಳ ಆದಿಯಲ್ಲಿ ಕಿವಿ ಕೇಳುವುದಿಲ್ಲ. ಅವು ಮಗುವಿಗೆ ದಕ್ಕಬೇಕಾದರೆ ಕನ್ನಡದ ಬಾಯಿಂದಲೇ ದಕ್ಕಬೇಕು.

ಶಿಶುನುಡಿಯೂ ಇಲ್ಲಿ ಉಪೇಕ್ಷೆಗೆ ಗುರಿಯಾಗಬಾರದು. ‘ಮಮ್ಮು’, ‘ಬುವ್ವ’, ‘ತಾಚಿ’, ‘ಚಿಚ್ಚಿ’, ‘ಗುಮ್ಮ’ ಇವು ಮಗುವಿನ ಸೃಷ್ಟಿಯಲ್ಲ; ಹಿರಿಯರು ತಲೆಮಾರಿನಿಂದ ತಲೆಮಾರಿಗೆ ಇಳಿಸಿಕೊಂಡು ಬಂದ ಸಣ್ಣದೊಂದು ಭಾಷೆ. ಇಮ್ಮಡಿಸಿದ ವ್ಯಂಜನ, ಸುಲಭವಾದ ಸ್ವರ, ಎರಡೇ ಅಕ್ಷರ: ಎಳೆಯ ನಾಲಗೆಗೆ ತಕ್ಕ ಅಳತೆ. 1964ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಎಂಬ ಭಾಷಾವಿಜ್ಞಾನಿ ಆರು ಭಾಷೆಗಳ ಶಿಶುನುಡಿಯನ್ನು ಹೋಲಿಸಿ ಬರೆದಾಗ ನಮ್ಮ ನೆರೆಯ ಮರಾಠಿ ಅವುಗಳಲ್ಲೊಂದಾಗಿತ್ತು. ವಿದ್ಯಾವಂತ ತಂದೆತಾಯಿಗಳು ಇವನ್ನು ‘ಅಶುದ್ಧ’ವೆಂದು ಬಿಟ್ಟು, ಕೂಸಿನೊಡನೆ ಮೊದಲ ದಿನದಿಂದ ‘ಮಿಲ್ಕ್’, ‘ಸ್ಲೀಪ್’ ಎಂದು ತೊಡಗುವುದುಂಟು. ಕೈಬಿಟ್ಟದ್ದು ನಾಲ್ಕಾರು ಶಬ್ದಗಳಷ್ಟೇ ಅಲ್ಲ. ಅವುಗಳೊಡನೆ ಜೋಗುಳದ ರಾಗ, ತೊಡೆಯ ಮೇಲೆ ಆನೆಯಾಡಿಸುವ ಆಟ, ತುತ್ತಿಗೊಂದು ಕಥೆ, ಇವೆಲ್ಲ ಹೋಗುತ್ತವೆ.

ಮನೆಮಾತು ಉಳಿಯುವುದು ಶಾಲೆಯಿಂದಲೇ ಎಂಬ ನಂಬಿಕೆಗೆ ತಮಿಳುನಾಡಿನಲ್ಲಿಯೇ ಪ್ರತ್ಯುತ್ತರವಿದೆ. ಸೇಲಂ, ಕೊಯಮತ್ತೂರು ಕಡೆಗಳ ದೇವಾಂಗ ನೇಕಾರರಲ್ಲಿ ಅನೇಕರು ತಲೆಮಾರುಗಳಿಂದ ತಮಿಳಿನಲ್ಲಿ ಓದಿ ಬರೆದು ಮನೆಯಲ್ಲಿ ಕನ್ನಡವನ್ನು ಆಡಿಕೊಂಡು ಬಂದಿದ್ದಾರೆ. ಅಕ್ಷರದ ಆಸರೆ ಇಲ್ಲದೆ ಭಾಷೆಯನ್ನು ದಾಟಿಸಿದುದು ಮಗ್ಗದ ಪಕ್ಕದ ತೊಟ್ಟಿಲು. ಬೆಲ್ಜಿಯಮಿನ ಡಚ್ ಭಾಷೆಯ ಪ್ರದೇಶದಲ್ಲಿ ಬೇರೆ ಮನೆಮಾತುಳ್ಳ ಸುಮಾರು 1,900 ಕುಟುಂಬಗಳನ್ನು ವಿಚಾರಿಸಿ ಆನಿಕ್ ದ ಹೌವರ್ 2007ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಸೂಚಿಸುತ್ತದೆ: ಹೆಚ್ಚು ಕಡಿಮೆ ನಾಲ್ಕರಲ್ಲೊಂದು ಕುಟುಂಬದ ಮಕ್ಕಳು ಮನೆಮಾತನ್ನು ಆಡುತ್ತಿರಲಿಲ್ಲ, ಆದರೆ ತಂದೆತಾಯಿ ಇಬ್ಬರೂ ಅದನ್ನೇ ಬಳಸುತ್ತಿದ್ದ ಮನೆಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ಆಡುತ್ತಿದ್ದರು. ಇಬ್ಬರೂ ಊರಿನ ಭಾಷೆಯನ್ನು ಮನೆಯೊಳಗೆ ತಂದು, ಒಬ್ಬರು ಮಾತ್ರ ಮನೆಮಾತನ್ನು ಜೊತೆಗಿಟ್ಟುಕೊಂಡಲ್ಲಿ ನಷ್ಟ ಅತ್ಯಧಿಕ. ಚೆನ್ನೈಯಲ್ಲಿ ಇಂಗ್ಲಿಷ್ ಆ ಸ್ಥಾನವನ್ನು ಹಿಡಿಯುತ್ತಿದೆ. ಕನ್ನಡದ ಪ್ರತಿಸ್ಪರ್ಧಿ ಬೀದಿಯ ತಮಿಳಲ್ಲ, ಊಟದ ಮೇಜಿನ ಇಂಗ್ಲಿಷು.

ಇಲ್ಲಿ ಕಾಲದ ಲೆಕ್ಕ ಬರುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಾಯಿತು. ಅಂದರೆ ಧ್ವನಿಗಳ ವಿಂಗಡಣೆ ತೊಡಗುವ ಆರನೆಯ ತಿಂಗಳಿನಲ್ಲಿಯೇ ತಾಯಿ ಕಛೇರಿಗೆ ಹಿಂದಿರುಗುತ್ತಾಳೆ. ಐವತ್ತಕ್ಕೆ ಕಡಿಮೆಯಿಲ್ಲದ ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಅದೇ ಕಾನೂನು ವಿಧಿಸಿತು. ಕಟ್ಟಡದ ಕೂಲಿಯವಳ ಕೂಸಿಗೆ ಈ ಕಾನೂನಿನ ನೆರಳು ಅಷ್ಟಾಗಿ ಮುಟ್ಟುವುದಿಲ್ಲ. ದೆಹಲಿಯಲ್ಲಿ 1969ರಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡದ ನಿವೇಶನದಲ್ಲಿಯೇ ತೊಟ್ಟಿಲು ಕಟ್ಟಿ ‘ಮೊಬೈಲ್ ಕ್ರೆಶ್’ ಆರಂಭಿಸಿದುದು ಅಂಥವರಿಗಾಗಿ; ಕರ್ನಾಟಕ ಸರಕಾರ 2023ರಲ್ಲಿ ಘೋಷಿಸಿದ ಗ್ರಾಮ ಪಂಚಾಯತಿಗಳ ‘ಕೂಸಿನ ಮನೆ’ಯ ಉದ್ದೇಶವೂ ಇದೇ. ಹೆಸರಿನ ಚೆಲುವು ಮೆಚ್ಚತಕ್ಕದ್ದು. ಕೇಂದ್ರ ಯಾವುದೇ ಇರಲಿ, ಒಬ್ಬ ಆಯಾಳ ಕೈಯಲ್ಲಿ ಎಷ್ಟು ಕೂಸುಗಳಿವೆ, ಅವಳು ತಿಂಗಳಿಗೊಮ್ಮೆ ಬದಲಾಗುತ್ತಾಳೋ ವರ್ಷವಿಡೀ ನಿಲ್ಲುತ್ತಾಳೋ ಎಂದು ವಿಚಾರಿಸುವುದು ಗೋಡೆಯ ಚಿತ್ರಗಳನ್ನು ನೋಡುವುದಕ್ಕಿಂತ ಪ್ರಯೋಜನಕರ. ಅವಳು ತಮಿಳಿನಲ್ಲಿ ಮನಸಾರೆ ಮಾತಾಡಲಿ. ಮುರುಕು ಇಂಗ್ಲಿಷಿನಲ್ಲಿ ಆಡಿಸುವಂತೆ ಒತ್ತಾಯಿಸಿದರೆ ಮಗುವಿಗೆ ತಮಿಳೂ ಇಲ್ಲ, ಇಂಗ್ಲಿಷೂ ಇಲ್ಲ.

ಕನ್ನಡಕ್ಕೆ ಉಳಿಯುವುದು ಬೆಳಗಿನ ಸ್ನಾನ, ಸಂಜೆಯ ಊಟ, ಮಲಗುವ ಹೊತ್ತು, ಎರಡು ರಜಾದಿನ. ಎಚ್ಚರದ ವೇಳೆಯಲ್ಲಿ ಇವು ಚಿಕ್ಕ ಪಾಲಲ್ಲ. ಊರಿನಿಂದ ಅಜ್ಜಿ ಬಂದು ಆರು ತಿಂಗಳಿದ್ದರೆ ತಕ್ಕಡಿ ತಾನಾಗಿ ವಾಲುತ್ತದೆ. ಅಜ್ಜಿ ಬರಲಾಗದ ಮನೆಗಳಿಗೆ ಕನ್ನಡ ಸಂಘಗಳು ನೆರವಾಗಬಹುದು. ಸಂಘಗಳ ಕನ್ನಡ ತರಗತಿಗಳು ಸಾಮಾನ್ಯವಾಗಿ ಅಕ್ಷರ ತಿದ್ದುವ ವಯಸ್ಸಿನವರಿಗಾಗಿ ನಡೆಯುತ್ತವೆ. ಆ ಹೊತ್ತಿಗೆ ಮಗು ಕನ್ನಡವನ್ನು ಮನೆಯ ಭಾಷೆಯಾಗಿ ಬಲ್ಲದೋ ಪಾಠದ ಭಾಷೆಯಾಗಿ ಕಲಿಯಬೇಕೋ ಎಂಬುದು ತೀರ್ಮಾನವಾಗಿಬಿಟ್ಟಿರುತ್ತದೆ. ವಾರಕ್ಕೊಂದು ಬೆಳಿಗ್ಗೆ ಸಂಘದ ಹಜಾರದಲ್ಲಿ ಚಾಪೆ ಹಾಸಿ, ಮೂರರೊಳಗಿನ ಮಕ್ಕಳನ್ನು ತಾಯಂದಿರೊಡನೆ ಕೂಡಿಸಿ, ನಿವೃತ್ತರಾದ ಹಿರಿಯರು ಬಂದು ಎತ್ತಿ ಆಡಿಸುವ ಏರ್ಪಾಟಿಗೆ ಹೆಚ್ಚಿನ ಖರ್ಚಿಲ್ಲ. ಉಪಾಧ್ಯಾಯರೂ ಬೇಡ, ಪಠ್ಯಕ್ರಮವೂ ಬೇಡ. ಹತ್ತು ಹನ್ನೆರಡು ಮಕ್ಕಳು, ಅಷ್ಟೇ ಮಂದಿ ಮಾತುಗಾರರು, ಎರಡು ಗಂಟೆಯ ಕಾಲ, ಪರದೆ ಇಲ್ಲದ ಒಂದು ಕೋಣೆ.